ಒಲೆ ಒಂದು

ಒಂದು ಸಂಸಾರದ ಪಾಲಿನ ಜೋಳ ಇಳಿಸಿ ಲಾರಿ ಹಾನಗಲ್ಲಿನತ್ತ ತಿರುಗಿತು. ಯಂಕವ್ವ ಗುಮಾಸ್ತ ವಾದಿರಾಜನ ಮುಖ ನೋಡಿದಳು. “ಇಷ್ಟ ಏನ್ರಿ ಸಾಹೇಬ್ರ? ಈ ಖೋಲ್ಯಾಗ ಮೂರು ಮನಿ ಮಂದಿ ಅದೇವಿ.”

ಹೊಳೆ ನುಗ್ಗಿ ಊರು ಬಿಟ್ಟು ಶಾಲೆ ಸೇರಿದವರ ಯಾದಿ ಬರೆದವನು ಅವನೇ. ಒಲೆ ಎಣಿಸಿದರೆ ಸಂಸಾರ ಎಣಿಸಿದಂತೆ ಎಂದುಕೊಂಡಿದ್ದ. ಮುಂದಿನ ಲಾರಿ ಎಂಟು ದಿನ ಬಿಟ್ಟು.

“ನೀವ ಒಂದಂತ ಹೇಳಿದ್ರಲ್ಲಾ?” ಎಂದ. ದನಿ ಅವನಿಗೇ ಸಣ್ಣದೆನಿಸಿತು.

“ಒಲಿ ಎಷ್ಟಂತ ಕೇಳಿದ್ರಿ, ಹೇಳಿದೆ. ಒಲಿ ಒಂದಾದ್ರ ಹೊಟ್ಟಿ ಒಂದಾಕ್ಕೈತೇನ್ರಿ?” ಹಿಂದೆ ನಿಂತಿದ್ದ ಅದೇ ಕೋಣೆಯ ಶಾರವ್ವ ಕಿಸಕ್ಕನೆ ನಕ್ಕಳು.

ವಾದಿರಾಜನ ತಲೆ ಯಾದಿಯ ಮೇಲೆ ಬಗ್ಗಿತು. ಅದನ್ನು ಕಂಡು ಯಂಕವ್ವನೇ ಮೆತ್ತಗಾದಳು. “ಹೋಗ್ಲಿ ಬಿಡ್ರಿ, ತಪ್ಪು ನಮ್ದ. ಮೂರು ಒಲಿ ಹೂಡಬೇಕಿತ್ತು. ಒಣ ಕಟಿಗಿ ಒಂದಕ್ಕಷ್ಟ ಇತ್ತು.”