ಕಾಶಿಯಲ್ಲಿ ಬಿಟ್ಟದ್ದು

ಗಂಡ ಹೆಂಡತಿ ಇಬ್ಬರೂ ಸೈಕಲ್ ತುಳಿದುಕೊಂಡೇ ಕಾಶಿಗೆ ಹೋಗಿದ್ದರು. ಈಗ ಸೈಕಲ್‌ಗಳನ್ನು ಲಗೇಜ್ ಬೋಗಿಗೆ ಹಾಕಿ, ರೈಲಿನಲ್ಲಿ ಊರಿಗೆ ವಾಪಸಾಗುತ್ತಿದ್ದರು.

ಕಾಶಿಗೆ ಹೋದವರು ಪ್ರಿಯವಾದದ್ದೇನನ್ನಾದರೂ ಅಲ್ಲಿ ಬಿಟ್ಟು ಬರಬೇಕಲ್ಲ. ಮಾವಿನಹಣ್ಣೆಂದರೆ ಪ್ರಾಣ ಬಿಡುತ್ತಿದ್ದ ಆಕೆ ಅದನ್ನೇ ಬಿಟ್ಟಿದ್ದಳು. ಗಂಡ ಮಾತ್ರ ಬಾಯಿ ಬಿಟ್ಟಿರಲಿಲ್ಲ.

“ಹೇಳ್ರೀ, ನೀವೇನು ಬಿಟ್ರಿ?”

“ಊರು ಬಂದಾಗ ನಿಂಗೇ ಗೊತ್ತಾಗುತ್ತೆ.”

ಕಾಫಿ ಬಂತು, ಎರಡು ಲೋಟ ಕುಡಿದ. ಬದನೆಕಾಯಿ ಬಜ್ಜಿ ಬಂತು, ಅವಳ ಪಾಲನ್ನೂ ತಿಂದ. ಹಾಗಾದರೆ ಸಿಗರೇಟೇ ಇರಬೇಕು! ಅದನ್ನು ಬಿಡಿ ಎಂದು ಎಷ್ಟು ವರ್ಷದಿಂದ ಗೋಗರೆದಿದ್ದಳು. ಕಾಶಿಯ ದಾರಿಯುದ್ದಕ್ಕೂ ಮುಂದೆ ಮುಂದೆ ಹೋಗುತ್ತ, ಒಮ್ಮೆಯೂ ಹಿಂತಿರುಗಿ ನೋಡದಿದ್ದ ಗಂಡನ ಮೇಲಿನ ಮುನಿಸೆಲ್ಲ ಕರಗಿಹೋಯಿತು.

ಊರು ಬಂತು. ಅವಳ ಚೀಲವನ್ನು ಅವನೇ ಇಳಿಸಿಕೊಟ್ಟು, “ನೀನು ಹೋಗಿ ಸೈಕಲ್ ಬಿಡಿಸ್ಕೋ” ಎಂದ. ಆಕೆ ಲಗೇಜ್ ಬೋಗಿಯತ್ತ ಓಡಿದಳು. ಕೂಲಿಯವನು ಅವಳ ಸೈಕಲ್ಲೊಂದನ್ನೇ ಇಳಿಸಿ ಬಾಗಿಲು ಎಳೆದ.

“ಅಯ್ಯೋ, ನಮ್ಮೆಜಮಾನ್ರದ್ದೂ ಇದೆ ಕಣಪ್ಪ!”

“ಅದು ಇಲ್ಲಿಗಲ್ಲಮ್ಮ, ಮೈಸೂರಿಗೆ ಬುಕ್ಕಾಗಿದೆ.”

ಅವಳು ತಿರುಗಿ ನೋಡುವಷ್ಟರಲ್ಲಿ ರೈಲು ಹೊರಟಿತು. ಗಂಡ ತುಟಿಗೆ ಸಿಗರೇಟು ಸಿಕ್ಕಿಸಿಕೊಂಡು ಬಾಗಿಲಲ್ಲೇ ನಿಂತಿದ್ದ.

“ರೀ, ಇಳೀರಿ! ನಮ್ಮೂರು ಬಂತು!”

ಅವಳ ಎದುರು ಹಾದುಹೋಗುತ್ತ ಅವನು ಕೂಗಿ ಹೇಳಿದ: “ಕಾಶೀಲಿ ಇಷ್ಟವಾಗಿದ್ದನ್ನೇ ಬಿಡ್ಬೇಕು ಅಂತೇನಿಲ್ಲ ಕಣೇ!”