ಏಳನೇ ಮಹಡಿಯ ರ‍್ಯಾಂಪು

ಎಲ್ಲರಿಗೂ ರೆಕ್ಕೆ ಮೂಡಿದ ಮೇಲೆ ಊರಿನಲ್ಲಿ ಮೆಟ್ಟಿಲು ಕಟ್ಟುವುದನ್ನೇ ಬಿಟ್ಟಿದ್ದರು. ರೆಕ್ಕೆ ಮೂಡದ ಸಾವಂತ್ರಿ, ಅಂಗವಿಕಲರಿಗೆ ಮೀಸಲಾದ ಗುಮಾಸ್ತೆಯ ಹುದ್ದೆಯ ಸಂದರ್ಶನಕ್ಕೆ ಬಂದವಳು, ಕಚೇರಿಯ ಕೆಳಗೆ ನಿಂತು ಕೂಗಿದಳು.

ಏಳನೇ ಮಹಡಿಯ ಕಿಟಕಿಯಿಂದ ಸಾಹೇಬರು ಇಣುಕಿದರು. “ಬಾರವ್ವಾ, ನಿಮ್ಮಂಥೋರ ಸಲುವಾಗೇ ರ‍್ಯಾಂಪ್ ಮಾಡ್ಸೇವಿ!”

“ಎಲ್ಲೈತ್ರೀ ಸಾಹೇಬ್ರ?”

“ಇಲ್ಲೇ, ನಮ್ಮ ಬಾಗಲ ಮುಂದ. ಹಾರಿ ಬಾ, ತೋರಸ್ತೀನಿ.”

“ಹಾರಾಕ ಬಂದಿದ್ರ ಅದ್ಯಾಕ ಬೇಕಿತ್ರೀ? ನೀವ ಇಳದು ಬರ್ರಿ, ಇಲ್ಲೇ ಪ್ರಶ್ನೆ ಕೇಳ್ರಿ.”

“ನೆಲಕ್ಕ ಇಳೀಬೇಕಾ? ಕಚೇರಿ ಮರ್ಯಾದಿ ಏನಾಗಬೇಕವಾ!”

ಕಿಟಕಿ ಮುಚ್ಚಿತು. ಸಾವಂತ್ರಿ ತನ್ನ ಹೆಸರು ಹೇಳಿ ಹೇಳಿ ಕೂಗಿದಳು. ಆ ಕೂಗಿನ ಮೇಲೆಯೇ ಧ್ವನಿವರ್ಧಕ ಘೋಷಿಸಿತು: “ಅಂಗವಿಕಲರ ಹುದ್ದೆಗೆ ಯಾರೂ ಹಾಜರಾಗದ ಕಾರಣ ಅದನ್ನು ರದ್ದುಪಡಿಸಲಾಗಿದೆ. ಎಷ್ಟು ಸೌಲಭ್ಯ ಕೊಟ್ಟರೂ ಇವರು ಮೇಲೆ ಬರುವುದೇ ಇಲ್ಲ.”