ಖಾಲಿ ಪೆಟ್ಟಿಗೆಯ ಕಪ್ಪೆ

"ಈ ಗಾಜಿನ ಮೇಲೆ ಒಂದು ಬೆರಳಿನ ಗುರುತಾದರೂ ಇದೆಯಾ ನೋಡಿ," ಎಂದರು ವಸ್ತುಸಂಗ್ರಹಾಲಯದ ನಿರ್ದೇಶಕರು. ಯಾರೂ ನಿಂತು ನೋಡದ ಈ ಮರಗಪ್ಪೆಯ ಪೆಟ್ಟಿಗೆಯನ್ನು ತಿಂಗಳ ಕೊನೆಗೆ ತೆಗೆಸಿ, ಅಲ್ಲೊಂದು ಹುಲಿ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಕಪ್ಪೆಯ ಮಾದರಿ ಮಾಡಿದ್ದ ಮುದುಕನಿಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಅದೂ ಬರಲಿಲ್ಲ.

ಮನೆಗೆ ಬಂದು ಸೊಸೆಯ ಹತ್ತಿರ ಹೇಳಿಕೊಂಡ. ಕಪ್ಪೆಗಳನ್ನು ಹುಡುಕಿಕೊಂಡು ಬೆಟ್ಟ ಹತ್ತುವುದೇ ಅವಳ ಉದ್ಯೋಗ. ಇಷ್ಟು ದಿನ ಆ ಮಾದರಿ ನೋಡಿದಾಗಲೆಲ್ಲ ತುಟಿ ಕಚ್ಚಿಕೊಂಡಿದ್ದವಳು ಈಗ ಬಾಯಿಬಿಟ್ಟಳು.

"ಮಾವ, ನೀವು ಸೀಸೆಯಲ್ಲಿಟ್ಟ ಕಪ್ಪೆ ನೋಡಿ ಮಾಡಿದ್ರಿ. ಸ್ಪಿರಿಟ್‌ನಲ್ಲಿ ಬಣ್ಣ ಎಲ್ಲ ಹೋಗಿಬಿಡುತ್ತೆ. ಆ ಬೂದು, ಹೆಣದ ಬಣ್ಣ."

ಆ ಬೂದು ಬಣ್ಣ ಹದಕ್ಕೆ ತರಲು ವಾರಗಟ್ಟಲೆ ಒದ್ದಾಡಿದ್ದ ಮುದುಕನಿಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಸೊಸೆಯ ಬೆನ್ನು ಹತ್ತಿದ.

ಆ ಕಪ್ಪೆ ಇರುವುದು ಒಂದೇ ಬೆಟ್ಟದ ನೆತ್ತಿಯಲ್ಲಿ, ಮಧ್ಯಾಹ್ನವೂ ಮಂಜು ಬಿಡದ ಕಾಡಿನಲ್ಲಿ. ಪಾಚಿ ಹೊದ್ದ ಮರಗಳ ನಡುವೆ ಮುದುಕ ಮಂಡಿನೋವು ಮರೆತು ಎಲೆ ಎಲೆಯನ್ನೂ ಜಾಲಾಡಿದ. ಏನೂ ಕಾಣಲಿಲ್ಲ. ಸಿಟ್ಟಿನಿಂದ ಪಕ್ಕದ ಮರಕ್ಕೆ ಒರಗಹೋದಾಗ ಸೊಸೆ ತೋಳು ಹಿಡಿದಳು.

"ಹುಡುಕಬೇಡಿ ಮಾವ. ಸುಮ್ನೆ ನಿಂತ್ಕೊಳ್ಳಿ."

ನಿಂತ. ಭುಜದ ಪಕ್ಕದ ಎಲೆಯೊಂದು ಕಣ್ಣು ತೆರೆಯಿತು. ಬಂಗಾರದ ಕಣ್ಣು. ಹೆಬ್ಬೆರಳಿಗಿಂತ ಚಿಕ್ಕ ಜೀವ, ಎಲೆಯ ಹಸಿರನ್ನೂ ನರಗಳನ್ನೂ, ಹುಳು ತಿಂದ ಕಲೆಯನ್ನೂ ಬೆನ್ನ ಮೇಲೆ ಹೊತ್ತು, ಕೈಕಾಲು ಮಡಿಚಿ ಕೂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಾಯಿತು. ಅದು ಜಿಗಿದಾಗ ತೊಡೆಯೊಳಗಿನ ನೀಲಿ ಒಮ್ಮೆ ಮಿಂಚಿ ಮರೆಯಾಯಿತು. ಇಂಥ ಕೈಕೆಲಸ ತನ್ನಿಂದ ಈ ಜನ್ಮದಲ್ಲಿ ಆಗದೆಂದು ಮುದುಕನಿಗೆ ಗೊತ್ತಾಯಿತು. ಆದರೂ ಊರಿಗೆ ಬಂದವನೇ ಬಾಗಿಲು ಹಾಕಿಕೊಂಡು ಹೊಸ ಕಪ್ಪೆ ಮಾಡಲು ಕೂತ.

ಹೊಸ ಕಪ್ಪೆ ಪೆಟ್ಟಿಗೆ ಸೇರಿ ವಾರವಾಗಿತ್ತು. ತಿಂಗಳ ಕೊನೆಗೆ, ಪೆಟ್ಟಿಗೆಯ ಮುಂದೆ ನಿಂತಿದ್ದ ಮುದುಕನ ಬಳಿಗೆ ನಿರ್ದೇಶಕರು ಕೆಂಡಾಮಂಡಲವಾಗಿ ಬಂದರು. ಪೆಟ್ಟಿಗೆಯಲ್ಲಿ ಬರೀ ಎಲೆ ಇದೆ, ಕಪ್ಪೆಯೇ ಇಲ್ಲ ಎಂದು ಜನ ದೂರುತ್ತಿದ್ದಾರಂತೆ.

"ಹುಡುಕಬೇಡಿ ಸಾರ್," ಎಂದ ಮುದುಕ. "ಸುಮ್ನೆ ನಿಂತ್ಕೊಳ್ಳಿ."

ಅವರು ನಿಂತರು. ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತಾದ ಮೇಲೆ, "ಅಯ್ಯೋ, ಇಲ್ಲೇ ಇದೆಯಲ್ಲ," ಎಂದು ಮಗುವಿನ ಹಾಗೆ ಪಿಸುಗುಟ್ಟಿದರು. ಹುಲಿಯ ಮಾತೆತ್ತದೆ ಹೊರಟುಹೋದರು.

ಹಿಂದೆಯೇ ಬಟ್ಟೆ ಹಿಡಿದು ಬಂದ ಗಾಜು ಒರೆಸುವಾಕೆ ಗೊಣಗಿದಳು, "ಇದೊಂದು ಪೆಟ್ಟಿಗೆ ಒರೆಸಿ ಒರೆಸಿ ಸಾಕಾಯ್ತು ನಂಗೆ. ಎಲ್ಲಿ ನೋಡಿದ್ರೂ ಮೂಗಿನ ಗುರುತು."